ಗುಮ್ಮಟ ತಲೆಯವರ ನಡೆ-ನಡವಳಿಕೆ

ಪ್ಯಾಕಿಸೆಫಲೋಸಾರಸ್. ಈ ಹೆಸರನ್ನು ಎಲ್ಲಿಯೂ ತಡವರಿಸದೆ ಒಂದೇ ಉಸಿರಿಗೆ ಹೇಳಿದವರಿಗೆ ಕಟ್ಟಿಂಗ್ ಚಹಾ ಕೊಡಿಸಲು ನಾನು ತಯಾರಿದ್ದೇನೆ. ಗ್ರೀಕ್ ಭಾಷೆಯ ಮೂರು ಶಬ್ದಗಳನ್ನು ಜೋಡಿಸಿ ಈ ಹೆಸರು ಕಟ್ಟಿದ್ದಾರೆ: ದಪ್ಪ, ತಲೆ, ಹಲ್ಲಿ. ಅಂದರೆ 'ದಪ್ಪತಲೆಯ ಹಲ್ಲಿ'. ನಮ್ಮೂರ ಶಾಲೆಯಲ್ಲಿ ಮಗ್ಗಿ ಬಾರದ ಹುಡುಗರಿಗೆ ಸಿಗುತ್ತಿದ್ದ ಬಿರುದಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ! ನಾನು ವಿಜಯಪುರದ ಕಡೆಯವ. ಗೋಲ ಗುಮ್ಮಟ ನೋಡುತ್ತ ಬೆಳೆದವ. ಆದ್ದರಿಂದ ಈ ಪ್ರಾಣಿಯ ಚಿತ್ರ ನೋಡಿದ ಕೂಡಲೇ 'ಗುಮ್ಮಟ ತಲೆ' ಅಂತ ಹೆಸರಿಟ್ಟುಬಿಟ್ಟೆ. ವಾಚಕರು ಒಪ್ಪಿದರೆ ಈ ಲೇಖನದ ಮಟ್ಟಿಗೆ ಅದೇ ಹೆಸರು ಇರಲಿ.

ಮೊದಲು ಪ್ರಾಣಿಯ ಪರಿಚಯ. ಸುಮಾರು 15 ಅಡಿ ಉದ್ದ, ನಾಲ್ಕು ಕ್ವಿಂಟಲ್ ಆಸುಪಾಸಿನ ತೂಕ, ಎರಡೇ ಕಾಲಿನ ಮೇಲೆ ನಡಿಗೆ, ಸೊಪ್ಪು-ಸದೆಯ ಆಹಾರ. ಅಮೆರಿಕೆಯ ಮೊಂಟಾನಾ, ವಯೋಮಿಂಗ್, ಸೌತ್ ಡಕೋಟಾ ಕಡೆಯ ಕಲ್ಲುಗಳಲ್ಲಿ ಇದರ ಎಲುಬು ಸಿಕ್ಕಿವೆ. ಡೈನೋಸಾರ್‌ಗಳ ಕಾಲ ಮುಗಿದದ್ದು ಇಂದಿಗೆ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಆ ಕಟ್ಟಕಡೆಯ ದಿನಗಳವರೆಗೂ ಬಾಳಿದ ಪ್ರಾಣಿ ಇದು. ಟೈರನೋಸಾರಸ್ ಎಂಬ ಭಯಂಕರ ರಾಕ್ಷಸನ ನೆರೆಹೊರೆಯಲ್ಲೇ ಸಂಸಾರ ಮಾಡಿದ್ದು. ಇದರ ವೈಶಿಷ್ಟ್ಯವೆಂದರೆ ನೆತ್ತಿಯ ಎಲುಬು. ಸುಮಾರು 9 ಅಂಗುಲ ದಪ್ಪ! ಅದರ ಕೆಳಗೆ ಮಿದುಳು ಮಾತ್ರ ಅಷ್ಟಕ್ಕಷ್ಟೆ.

ಇನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಗೆ ಈ ಪ್ರಾಣಿಯ ಉಸಾಬರಿ ಯಾಕೆ ಬಂತು ಅಂತ ಕೇಳಬಹುದು. ಅದಕ್ಕೆ ಕಾರಣ ಒಂದು ಆಟ.

ನಮ್ಮ ಹಾಸ್ಟೆಲಿನಲ್ಲಿ ಶನಿವಾರ ರಾತ್ರಿ ಐದಾರು ಜನ ಸೇರಿ ಆಡುವ ಆಟ ಅದು. ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. 1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಪ್ರಕಟಿಸಿದರಲ್ಲ, ಆ ವಂಶದ್ದು. ಬೋರ್ಡಿಲ್ಲ, ಇಸ್ಪೀಟಿಲ್ಲ, ಪರದೆಯಿಲ್ಲ. ಒಬ್ಬ ಮಾಸ್ಟರ್ ಕತೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬ ಯೋಧ, ಮಾಂತ್ರಿಕ, ಕಳ್ಳ, ಪೂಜಾರಿ ಹೀಗೆ ಪಾತ್ರ ಹಿಡಿದು, ಕೂತಲ್ಲೇ ಮಾತಾಡುತ್ತಾರೆ. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ಮೊದಲ ಸಲ ನೋಡಿದಾಗ ನನ್ನ ಪಕ್ಕ ಕೂತಿದ್ದ ಕುಂದಾಪುರದ ಗೆಳೆಯ, "ಮಾರಾಯಾ, ಇದು ನಮ್ಮ ತಾಳಮದ್ದಳೆಯೇ ಅಲ್ವಾ? ವೇಷ ಇಲ್ಲ, ಕುಣಿತ ಇಲ್ಲ, ಕೂತು ಅರ್ಥ ಹೇಳುವುದು. ಮಾಸ್ಟರ್ ಅಂದ್ರೆ ಭಾಗವತ!" ಅಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅಂದಿನಿಂದ ನಾವಿಬ್ಬರು ಮಾಸ್ಟರನನ್ನು ನಮ್ಮೊಳಗೆ ಭಾಗವತ ಎಂದೇ ಕರೆಯುತ್ತೇವೆ.

ತಾಳಮದ್ದಳೆಯಲ್ಲಿ ಅರ್ಥ ಹೇಳಲು ಮಾತು ಬೇಕು. ಈ ಆಟದಲ್ಲೂ ಅಷ್ಟೆ. ಮೇಜಿನ ಮೇಲಿನ ಭಾಷೆ ಇಂಗ್ಲಿಷು, ಸಿಟ್ಟು ಬಂದಾಗ ಹಿಂದಿ, ಚೇಷ್ಟೆಗೆ ಮರಾಠಿ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಲೆಕ್ಕಪತ್ರದ ಇಂಗ್ಲಿಷು ಬರುತ್ತದೆ. ಡೆಬಿಟ್ಟು, ಕ್ರೆಡಿಟ್ಟು, ಡಿಪ್ರಿಸಿಯೇಶನ್ನು ಎಲ್ಲ ಕಂಠಪಾಠ. ಆದರೆ "ಎಲೈ ದುಷ್ಟನೇ, ನಿಲ್ಲು" ಅಂತ ಇಂಗ್ಲಿಷಿನಲ್ಲಿ ಗರ್ಜಿಸು ಅಂದರೆ ನಾಲಿಗೆ ಹೊರಳುವುದಿಲ್ಲ. ನಾಲ್ಕು ಶನಿವಾರ ನಾನು ಬರೀ ದಾಳ ಹಾಕಿದೆ. ಐದನೆಯ ಶನಿವಾರ ಭಾಗವತನೇ ಒಂದು ಉಪಾಯ ಹೇಳಿದ: "ನೀನು ಮೃಗಗಳನ್ನು ನಡೆಸು. ಅವಕ್ಕೆ ಮಾತು ಬೇಡ." ಎಲ್ಲರೂ ನಕ್ಕರು. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೂ ಆ ನಗೆ ಒಂದು ವಾರ ನನ್ನ ಕಿವಿಯಲ್ಲಿತ್ತು.

ಮುಂದಿನ ಶನಿವಾರಕ್ಕೆ ನನ್ನ ಪಾಲಿಗೆ ಬಂದದ್ದೇ ಗುಮ್ಮಟ ತಲೆಗಳ ಹಿಂಡು.

ಇಂಥ ಆಟಗಳಲ್ಲಿ ಮೃಗಗಳಿಗೆ ಒಂದೊಂದು ಜಮಾ-ಖರ್ಚಿನ ಪಟ್ಟಿ ಇರುತ್ತದೆ. 1977ರ 'ಮಾನ್‌ಸ್ಟರ್ ಮ್ಯಾನ್ಯುಅಲ್' ಎಂಬ ಪುಸ್ತಕದಲ್ಲಿ ಡೈನೋಸಾರ್‌ಗಳೂ ಇವೆ. ಒಮ್ಮೆಗೆ ಎಷ್ಟು ಎದುರಾಗುತ್ತವೆ, ಚರ್ಮ ಎಷ್ಟು ಗಟ್ಟಿ, ಎಷ್ಟು ಏಟು ತಡೆಯುತ್ತದೆ, ಒಂದು ಏಟಿಗೆ ಎಷ್ಟು ನಷ್ಟ ಮಾಡುತ್ತದೆ, ಬುದ್ಧಿ ಎಷ್ಟು, ಹತ್ತಿರ ಸಂಪತ್ತೇನಾದರೂ ಇದೆಯೋ ಎಲ್ಲಕ್ಕೂ ಕಾಲಮ್ಮು ಉಂಟು. ಬ್ಯಾಲೆನ್ಸ್ ಶೀಟು ನೋಡಿದಂತೆ ನನಗೆ ಬಹಳ ಸಂತೋಷವಾಯಿತು. 2014ರ ಐದನೆಯ ಆವೃತ್ತಿಯಲ್ಲಿ ಆಡು, ಘೇಂಡಾಮೃಗ, ಟ್ರೈಸೆರಟಾಪ್ಸ್ ಇವಕ್ಕೆಲ್ಲ ಒಂದು ನಿಯಮ: ನೆಟ್ಟಗೆ 20 ಅಡಿ ಓಡಿ ಬಂದು ಡಿಕ್ಕಿ ಹೊಡೆದರೆ ಏಟು ಹೆಚ್ಚು. ನಮ್ಮ ಭಾಗವತ ಗುಮ್ಮಟ ತಲೆಗೂ ಅದೇ ನಿಯಮ ಹಚ್ಚಿ, ಒಂದು ಚೀಟಿ ಬರೆದು ಕೊಟ್ಟ. ಕೆಳಗೆ ಒಂದೇ ವಾಕ್ಯ: 'ಮನುಷ್ಯರನ್ನು ಕಂಡರೆ ಹಾಯುತ್ತದೆ.'

ಹಾಯುತ್ತದೆ, ಸರಿ. ಯಾಕೆ ಹಾಯುತ್ತದೆ? ಹಾಯುವ ಮುಂಚೆ ಏನು ಮಾಡುತ್ತದೆ? ಮರಿಗಳು ಎಲ್ಲಿರುತ್ತವೆ? ಮನೆಯಲ್ಲಿ ಕುರಿ ಕಟ್ಟಿದವನಿಗೆ ಈ ಪ್ರಶ್ನೆ ಬರದೆ ಇರಲಾರವು. ಮಾತಿಲ್ಲದ ಪಾತ್ರ ಕೊಟ್ಟಿದ್ದಾರೆ ಅಂದಮೇಲೆ ಆ ಪಾತ್ರಕ್ಕೆ ನಡತೆಯಾದರೂ ಬೇಕಲ್ಲ! ಹೀಗೆ ಕಾಸ್ಟ್ ಅಕೌಂಟಿಂಗ್ ಪುಸ್ತಕದ ಒಳಗೆ ಡೈನೋಸಾರ್ ಪುಸ್ತಕ ಇಟ್ಟುಕೊಂಡು ಓದಲು ಶುರುಮಾಡಿದೆ.

ಓದಿದಂತೆ ಒಂದು ಮಾತು ತಿಳಿಯಿತು. ದೊಡ್ಡ ದೊಡ್ಡ ವಿದ್ವಾಂಸರೇ ಈ ತಲೆಯ ವಿಷಯದಲ್ಲಿ ತಲೆ-ತಲೆ ಗುದ್ದಾಡಿಕೊಂಡಿದ್ದಾರೆ. 1955ರಲ್ಲಿ ಎಡ್ವಿನ್ ಕೋಲ್ಬರ್ಟ್ ಎಂಬವರು ಈ ಪ್ರಾಣಿಗಳು ತಲೆಗೆ ತಲೆ ಗುದ್ದಿ ಕಾದಾಡುತ್ತಿದ್ದಿರಬೇಕು ಅಂದರು. ಅಂದರೆ ನಮ್ಮ ಕಡೆಯ ಟಗರಿನ ಕಾಳಗವೇ! ಬಹಳ ಜನರಿಗೆ ಈ ಮಾತು ರುಚಿಸಿತು. ಆಮೇಲೆ ಬೇರೆಯವರು ಆಕ್ಷೇಪ ಎತ್ತಿದರು. ಟಗರಿನ ಕೋಡು ಅಗಲ, ಏಟು ಹರಡಿಕೊಳ್ಳುತ್ತದೆ. ಇದರದ್ದೋ ಗುಂಡು ತಲೆ. ಎರಡು ತೆಂಗಿನಕಾಯಿ ಡಿಕ್ಕಿ ಹೊಡೆಸಿ ನೋಡಿರಿ, ಒಂದಕ್ಕೊಂದು ಜಾರಿ ಪಕ್ಕಕ್ಕೆ ಹೋಗುತ್ತವೆ. ಹಾಗೆ ಜಾರಿದರೆ ಕುತ್ತಿಗೆ ಉಳುಕದೇ? ಆದ್ದರಿಂದ ತಲೆಗೆ ತಲೆಯಲ್ಲ, ಎದುರಾಳಿಯ ಪಕ್ಕೆಗೆ ಗುದ್ದುತ್ತಿದ್ದವು ಅಂತ ಒಂದು ಪಕ್ಷ. 2004ರಲ್ಲಿ ಮಾರ್ಕ್ ಗುಡ್‌ವಿನ್ ಮತ್ತು ಜಾಕ್ ಹಾರ್ನರ್ ನೆತ್ತಿಯ ಎಲುಬನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏಟು ತಡೆಯುವ ರಚನೆ ಅಂತ ಹಿಂದಿನವರು ತಿಳಿದಿದ್ದ ಎಳೆಎಳೆಯ ಭಾಗ ಎಳೆಯ ಪ್ರಾಣಿಗಳಲ್ಲಿ ಮಾತ್ರ ಇದೆ, ಬೆಳೆದವುಗಳಲ್ಲಿ ಅಳಿಸಿಹೋಗುತ್ತದೆ. ಹಾಗಾದರೆ ಕಾದಾಡುವ ವಯಸ್ಸಿಗೆ ಅದು ಕೆಲಸಕ್ಕೆ ಬಾರದು. ಗುಮ್ಮಟ ಇರುವುದು ತಮ್ಮವರನ್ನು ಗುರುತಿಸಲು, ತಾನು ಬೆಳೆದವನು ಅಂತ ತೋರಿಸಲು ಎಂದರು.

ಅಲ್ಲಿಗೆ ಮುಗಿಯಿತೇ? ಇಲ್ಲ. 2011ರಲ್ಲಿ ಎರಿಕ್ ಸ್ನೈವ್ಲಿ ಮತ್ತು ಜೆಸಿಕಾ ಥಿಯೋಡರ್ ಎಂಬವರು ಸ್ಟೆಗೋಸೆರಸ್ ಎಂಬ ಇದೇ ಬಳಗದ ಸಣ್ಣ ಪ್ರಾಣಿಯ ತಲೆಯನ್ನು ಇಂದಿನ ಕುರಿ, ಜಿಂಕೆ, ಜಿರಾಫೆ ಮುಂತಾದವುಗಳ ತಲೆಯೊಂದಿಗೆ ಹೋಲಿಸಿ, ಇಲ್ಲ, ಈ ತಲೆ ಗುದ್ದಾಟಕ್ಕೆ ತಕ್ಕದ್ದೇ ಇದೆ ಅಂದರು. 2013ರಲ್ಲಿ ಜೋಸೆಫ್ ಪೀಟರ್ಸನ್ ಮತ್ತು ಸಂಗಡಿಗರು 109 ಗುಮ್ಮಟಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅದರಲ್ಲಿ ಶೇಕಡಾ 22ರ ಮೇಲೆ ಗಾಯದ ಗುರುತು! ಪೆಟ್ಟು ಬಿದ್ದು, ಕೀವು ಎಲುಬಿಗೆ ಇಳಿದು ಆದಂಥ ಕುಳಿಗಳು. ಚಪ್ಪಟೆ ತಲೆಯವುಗಳಲ್ಲಿ ಮಾತ್ರ ಇಂಥ ಗಾಯ ಸಿಗಲಿಲ್ಲ. ನೂರಕ್ಕೆ ಇಪ್ಪತ್ತೆರಡು ಅಂದರೆ ನಮ್ಮೂರ ಜಾತ್ರೆಯ ಕುಸ್ತಿ ಪೈಲ್ವಾನರ ಕಿವಿಯ ಲೆಕ್ಕ ಹಾಕಿದಂತಾಯಿತು.

ಟಗರಿನ ವಿಷಯ ಬಂತಲ್ಲ, ಅದಕ್ಕೆ ನನ್ನ ಸೋದರಮಾವನಿಗೆ ಫೋನು ಹಚ್ಚಿದೆ. ಅವರು ಕುರಿ-ಟಗರು ಸಾಕಿದವರು. "ಮಾಮಾ, ಟಗರು ಯಾಕ ಹಾಯತೈತಿ?" ಅಂದೆ. "ಯಾಕೋ ಅಳಿಯಾ, ಪುಣೇದಾಗ ಇದನ್ನ ಕಲಸ್ತಾರನೂ?" ಅಂತ ಮೊದಲು ನಕ್ಕರು. ಆಮೇಲೆ ಹೇಳಿದರು: "ಟಗರಿಗೆ ಸಿಟ್ಟು ಅಂತಿಲ್ಲ. ಎದುರಿನಾಂವನ ತಾಕತ್ತು ಎಷ್ಟೈತಿ ಅನ್ನೂದು ಅದಕ್ಕ ಗೊತ್ತಾಗಬೇಕು, ಅಷ್ಟ. ಗೊತ್ತಾತು ಅಂದ್ರ ಮುಖಾ ತಿರಿವಿ ಮೇಯಾಕ ಹೊಕ್ಕೈತಿ. ಕಣದಾಗ ಅದು ಸಾಯೂತನಕಾ ಕಾದತೈತಿ ಅಂದ್ರ ಅದು ನಾವು ಹಚ್ಚಿದ್ದು, ಅದರ ಗುಣಾ ಅಲ್ಲ." ಈ ಮಾತನ್ನು ನಾನು ರಫ್ ವಹಿಯಲ್ಲಿ ಬರೆದುಕೊಂಡೆ. ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಇದು ಆಟಕ್ಕೆ ಹೆಚ್ಚು ಉಪಯೋಗಕ್ಕೆ ಬಂತು.

ಇನ್ನೊಂದು ಸ್ವಾರಸ್ಯ ಕೇಳಿರಿ. 1983ರಲ್ಲಿ ತಲೆಯ ಹಿಂದೆ ಉದ್ದ ಮುಳ್ಳುಗಳಿರುವ ಒಂದು ಪ್ರಾಣಿಗೆ ಸ್ಟಿಜಿಮೋಲಾಕ್ ಎಂದೂ, 2006ರಲ್ಲಿ ಮುಳ್ಳೂ ಇರುವ, ತಲೆ ಚಪ್ಪಟೆಯಾಗಿಯೂ ಇರುವ ಇನ್ನೊಂದಕ್ಕೆ ಡ್ರಾಕೋರೆಕ್ಸ್ ಎಂದೂ ಹೆಸರಿಟ್ಟರು. 2009ರಲ್ಲಿ ಹಾರ್ನರ್ ಮತ್ತು ಗುಡ್‌ವಿನ್, ಇವು ಬೇರೆ ಬೇರೆ ಪ್ರಾಣಿಗಳೇ ಅಲ್ಲ, ಗುಮ್ಮಟ ತಲೆಯದೇ ಬಾಲ್ಯ ಮತ್ತು ಹರೆಯ ಎಂದರು. ಚಿಕ್ಕದಿರುವಾಗ ಚಪ್ಪಟೆ ತಲೆ. ಬೆಳೆದಂತೆ ನೆತ್ತಿ ಉಬ್ಬುತ್ತದೆ, ಮುಳ್ಳು ಕರಗುತ್ತದೆ. ಒಂದೇ ಮನೆಯ ಮೂವರಿಗೆ ಮೂರು ಅಡ್ಡಹೆಸರು! 2025ರಲ್ಲಿ ಮಂಗೋಲಿಯದ ಗೋಬಿ ಮರುಭೂಮಿಯಿಂದ ಜವಾಸೆಫಲೆ ಎಂಬ ಬಹಳ ಹಳೆಯ ಸಂಬಂಧಿಕ ಬೆಳಕಿಗೆ ಬಂತು. ಸುಮಾರು 10 ಕೋಟಿ 80 ಲಕ್ಷ ವರ್ಷ ಹಿಂದಿನದು, ಸುಮಾರು ಒಂದು ಮೀಟರು ಉದ್ದ. ಮೈ ಇನ್ನೂ ಬೆಳೆಯುತ್ತಿದ್ದ ಮರಿ, ಆದರೆ ತಲೆ ಮೇಲೆ ಆಗಲೇ ಪೂರಾ ಗುಮ್ಮಟ. ಮೈಗಿಂತ ಮೊದಲು ತಲೆ ಬಲಿಯಬೇಕಾದರೆ ಆ ಸಮಾಜದಲ್ಲಿ ತಲೆಗೆ ಎಷ್ಟು ಬೆಲೆ ಇದ್ದಿರಬೇಕು, ನೀವೇ ಯೋಚಿಸಿರಿ.

ತಲೆ ನೋಡಿ ಗುಣ ಹೇಳುವುದು ಅಪಾಯದ ಕೆಲಸವೂ ಹೌದು. ಮಡಗಾಸ್ಕರ್ ದ್ವೀಪದಲ್ಲಿ ಸಿಕ್ಕ ಒಂದು ಉಬ್ಬು ನೆತ್ತಿಯ ಎಲುಬನ್ನು 1979ರಲ್ಲಿ ಈ ಸೊಪ್ಪು ತಿನ್ನುವ ಬಳಗಕ್ಕೆ ಸೇರಿಸಿ ಮಜುಂಗಾಥೋಲಸ್ ಎಂದು ಕರೆದರು. 1998ರ ಹೊತ್ತಿಗೆ ಪೂರ್ತಿ ತಲೆ ಸಿಕ್ಕಿ ನೋಡಿದರೆ, ಅದು ಬಾಯಿ ತುಂಬ ಚೂರಿಯಂಥ ಹಲ್ಲಿರುವ ಶುದ್ಧ ಮಾಂಸಾಹಾರಿ! ಇಪ್ಪತ್ತು ವರ್ಷ ಹುಲಿಯನ್ನು ಹಸುಗಳ ಪಟ್ಟಿಯಲ್ಲಿ ಬರೆದಂತಾಗಿತ್ತು.

ಇಷ್ಟೆಲ್ಲ ಓದಿ, ಗುಮ್ಮಟ ತಲೆಗಳ ನಡವಳಿಕೆಯ ಬಗ್ಗೆ ಒಂದು ಪುಟ ಬರೆದೆ. ಕನ್ನಡದಲ್ಲೇ ಬರೆದೆ. ಅದರ ಸಾರಾಂಶ ಹೀಗಿದೆ:

1. ಹಿಂಡಿನಲ್ಲಿ ಮೂರು ತರಗತಿ: ಚಪ್ಪಟೆ ತಲೆಯ ಮರಿ, ಮುಳ್ಳಿನ ಹರೆಯದವು, ಗುಮ್ಮಟದ ಹಿರಿಯರು. ತಲೆ ನೋಡಿಯೇ ಯಾರ ಜಾಗ ಯಾವುದು ಅಂತ ಗೊತ್ತಾಗುತ್ತದೆ.

2. ಅಪರಿಚಿತರು ಕಂಡರೆ ಮರಿಗಳು ಹಿಂದೆ, ಹಿರಿಯರು ಮುಂದೆ. ಹಿರಿಯರು ಮೊದಲು ಅಡ್ಡ ನಿಂತು ತಲೆ ತೋರಿಸುತ್ತಾರೆ. ಇದು ಜಗಳವಲ್ಲ, ಪರಿಚಯ.

3. ಎರಡನೆಯದು ನೆಲ ಕೆರೆದು ತಲೆ ತಗ್ಗಿಸುವುದು. ಇದು ಎಚ್ಚರಿಕೆ.

4. ಎದುರಿನವರು ಅಡ್ಡ ತಿರುಗಿ ನಿಂತರೆ ವ್ಯವಹಾರ ಮುಗಿಯಿತು, ಹಿಂಡು ಮೇಯಲು ಹೋಗುತ್ತದೆ.

5. ಮರಿಯ ಹತ್ತಿರ ಬಂದವರಿಗೆ ಮಾತ್ರ ಎಚ್ಚರಿಕೆ ಇಲ್ಲ. ನೇರ ಪಕ್ಕೆಗೆ ಗುದ್ದು.

6. ತಮ್ಮತಮ್ಮಲ್ಲಿ ಗುದ್ದಾಟ ಆಗಾಗ ಇದ್ದದ್ದೇ. ಸೋತವನನ್ನು ಹಿಂಡಿನಿಂದ ಹೊರಗೆ ಹಾಕುವುದಿಲ್ಲ.

ಇದರಲ್ಲಿ ಒಂದನೆಯದಕ್ಕೆ ಎಲುಬಿನ ಆಧಾರ ಉಂಟು. ಗುದ್ದಾಟಕ್ಕೂ ಆ 22ರ ಲೆಕ್ಕದ ಆಧಾರ ಉಂಟು. ಅಡ್ಡ ನಿಲ್ಲುವುದು, ನೆಲ ಕೆರೆಯುವುದು, ಮುಖ ತಿರುಗಿಸಿ ಮೇಯುವುದು ಇವೆಲ್ಲ ನಮ್ಮ ಮಾವನ ಹಟ್ಟಿಯಿಂದ ತಂದದ್ದು. ಕೊನೆಯ ವಾಕ್ಯವಂತೂ ಬರೀ ನನ್ನ ಆಸೆ.

ಶನಿವಾರ ಬಂತು. ಕತೆಯಲ್ಲಿ ಒಂದು ಕಣಿವೆ ದಾಟಬೇಕು. ಕಣಿವೆಯ ಆಚೆ ಊರಿನ ಸಾಹುಕಾರ ಒಂದೊಂದು ಗುಮ್ಮಟ ತಲೆಗೆ 50 ಹೊನ್ನು ಕೊಡುತ್ತಾನೆ ಅಂತ ಭಾಗವತ ಮೊದಲೇ ಆಸೆ ಹಚ್ಚಿದ್ದ. ಕಣಿವೆಯಲ್ಲಿ ನನ್ನ ಏಳು ಪ್ರಾಣಿಗಳು. ಎರಡು ಹಿರಿಯವು, ಎರಡು ಮುಳ್ಳಿನವು, ಮೂರು ಮರಿಗಳು. ಅಂತರ 60 ಅಡಿ. ಮಾಂತ್ರಿಕ ಬೆಂಕಿಯ ಮಂತ್ರ ತಯಾರು ಮಾಡಿಕೊಂಡ. ಕಳ್ಳ ಬಂಡೆ ಹತ್ತಿದ.

"ಹೂಂ, ನಿನ್ನ ಪ್ರಾಣಿಗಳು ಹಾಯ್ತಾವಲ್ಲ? ದಾಳ ಹಾಕು," ಅಂದ ಭಾಗವತ.

"ಹಾಯೋದಿಲ್ಲ," ಅಂದೆ.

ಎಲ್ಲರೂ ನನ್ನ ಕಡೆ ನೋಡಿದರು. ಹರಕು-ಮುರುಕು ಹಿಂದಿಯಲ್ಲಿ ಹೇಳತೊಡಗಿದೆ. ಮರಿಗಳು ಬಂಡೆಯ ಹಿಂದೆ ಹೋದವು. ದೊಡ್ಡದು ಅಡ್ಡ ನಿಂತಿತು. ತಲೆ ಬಿಸಿಲಿಗೆ ಮಿಂಚಿತು. ಯೋಧ ಎರಡು ಹೆಜ್ಜೆ ಮುಂದೆ ಬಂದ. ದೊಡ್ಡದು ನೆಲ ಕೆರೆಯಿತು, ತಲೆ ತಗ್ಗಿಸಿತು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಹಿಂದಿ ಶಬ್ದ ಸಿಗದಾಗ ನಾನೇ ಎದ್ದು ನಿಂತು, ಕುತ್ತಿಗೆ ತಿರುಗಿಸಿ ಮಾಡಿ ತೋರಿಸಿದೆ. ಈ ಸಲ ಯಾರೂ ನಗಲಿಲ್ಲ. ಯೋಧನ ಪಾತ್ರದವನು ನಮ್ಮಲ್ಲಿ ಎಲ್ಲರಿಗಿಂತ ಮುಂಗೋಪಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಡಿ, ಇದು ಏನೋ ಹೇಳ್ತಾ ಇದೆ," ಅಂದ. ಆಮೇಲೆ, "ನಾನು ಭಾಲೆ ಕೆಳಗಿಡ್ತೇನೆ. ನಾನೂ ಅಡ್ಡ ನಿಲ್ತೇನೆ," ಅಂದ. ದೊಡ್ಡದು ಮುಖ ತಿರುಗಿಸಿತು. ಹಿಂಡು ಮೇಯುತ್ತ ಮೇಯುತ್ತ ಗುಡ್ಡ ಹತ್ತಿ ಹೋಯಿತು. ಒಂದೇ ಒಂದು ದಾಳ ಬೀಳಲಿಲ್ಲ.

ಅಲ್ಲಿಂದ ನಿಜವಾದ ಜಗಳ ಶುರುವಾಯಿತು. ಮಾಂತ್ರಿಕನಿಗೆ ಸಿಟ್ಟು: "ಎರಡು ತಾಸು ಆಡಿ ತಲೆಯೂ ಇಲ್ಲ, ಹೊನ್ನೂ ಇಲ್ಲ, ಪಾಯಿಂಟೂ ಇಲ್ಲ. ಏನು ಗಳಿಸಿದೆವು?" ಅವನ ಮಾತಿಗೂ ಆಧಾರವಿತ್ತು. ಆಟದ ಮೂಲ ನಿಯಮದಲ್ಲಿ ಮೃಗ ಸೋಲಿಸಿದ್ದಕ್ಕೆ, ಬಂಗಾರ ತಂದದ್ದಕ್ಕೆ ಅಂಕ. ಬಿಟ್ಟು ಬಂದದ್ದಕ್ಕೆ ಕಾಲಮ್ಮೇ ಇಲ್ಲ. ನಾನು ವಾಣಿಜ್ಯದವನು, ನನಗೆ ಈ ತೊಡಕು ಹೊಸದಲ್ಲ. ವ್ಯಾಪಾರದಲ್ಲಿ ಗುಡ್‌ವಿಲ್ ಅಂತ ಒಂದು ಆಸ್ತಿ ಉಂಟು, ಗಿರಾಕಿಗಳ ನಂಬಿಕೆ. ಲೆಕ್ಕಪತ್ರದ ನಿಯಮ ಏನೆಂದರೆ, ಬೇರೆಯವರ ಧಂದೆಯನ್ನು ದುಡ್ಡು ಕೊಟ್ಟು ಕೊಂಡಾಗ ಬಂದ ಗುಡ್‌ವಿಲ್ಲನ್ನು ಪುಸ್ತಕದಲ್ಲಿ ಬರೆಯಬಹುದು. ನಾವೇ ಗಳಿಸಿದ್ದನ್ನು ಆಸ್ತಿ ಅಂತ ಬರೆಯುವ ಹಾಗಿಲ್ಲ. ಬರೆಯುವ ಹಾಗಿಲ್ಲ ಅಂದಮಾತ್ರಕ್ಕೆ ಅದು ಇಲ್ಲ ಅಂತಲ್ಲ. ನಲವತ್ತು ವರ್ಷದ ಕಿರಾಣಿ ಅಂಗಡಿ ನಡೆಯುವುದೇ ಅದರ ಮೇಲೆ. ಇದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ಇಂಗ್ಲಿಷಿಗೆ ಬಂದುಬಿಟ್ಟಿದ್ದೆ, ಅದು ನನಗೆ ಆಮೇಲೆ ತಿಳಿಯಿತು.

ಭಾಗವತ ನನ್ನ ಪುಟ ಕೇಳಿದ. ಕೊಟ್ಟೆ. "ಇದು ಯಾವ ಲಿಪಿ? ಓದಿ ಹೇಳು," ಅಂದ. ಮೊದಲು ಕನ್ನಡದಲ್ಲಿ ಓದಿದೆ, ಆಮೇಲೆ ಒಂದೊಂದು ಸಾಲಿಗೆ ಅರ್ಥ ಹೇಳಿದೆ. ಕುಂದಾಪುರದವ ನಡುನಡುವೆ ಕೈ ಹಾಕಿದ. ಹತ್ತು ನಿಮಿಷ ಆ ಮೇಜಿನ ಮೇಲೆ ನಾನೊಬ್ಬನೇ ಮಾತಾಡಿದ್ದು. ಕಡೆಗೆ ಅಂಕ ಕೊಡಲಿಲ್ಲ. ನಿಯಮ ನಿಯಮವೇ ಅಂದ. ಆದರೆ ತನ್ನ ಕತೆಯ ವಹಿಯಲ್ಲಿ ಒಂದು ಸಾಲು ಬರೆದ: 'ಈ ಕಣಿವೆಯ ಹಿಂಡು ಇವರನ್ನು ಬಲ್ಲದು.' ಅದು ಮುಂದೆ ಎಂದಾದರೂ ಉಪಯೋಗಕ್ಕೆ ಬಂದೀತೋ ಇಲ್ಲವೋ, ಆ ಕಣಿವೆಗೆ ನಾವು ಮತ್ತೆ ಹೋಗಿಲ್ಲ. ಮಾಂತ್ರಿಕ ಇನ್ನೂ ನನ್ನ ಮೇಲೆ 350 ಹೊನ್ನಿನ ಬಾಕಿ ತೋರಿಸುತ್ತಾನೆ.

ಒಂದು ವಿಚಾರ ಮಾತ್ರ ಮನಸ್ಸಿನಿಂದ ಹೋಗಿಲ್ಲ. ದಪ್ಪ ತಲೆ ಇದೆ, ಆದ್ದರಿಂದ ಹಾಯುತ್ತದೆ. ಮಾತಾಡುವುದಿಲ್ಲ, ಆದ್ದರಿಂದ ಹೇಳಲಿಕ್ಕೆ ಏನೂ ಇಲ್ಲ. ಈ ಎರಡು ತೀರ್ಮಾನಗಳನ್ನೂ ನಾವು ಎಷ್ಟು ಸಲೀಸಾಗಿ ಮಾಡಿಬಿಡುತ್ತೇವೆ! ಎಲುಬಿನ ವಿದ್ವಾಂಸರು ಒಂದು ತೀರ್ಮಾನಕ್ಕೆ ಬರುವ ಮುಂಚೆ 109 ತಲೆ ನೋಡಿದರು, ಆದರೂ ವಾದ ಇನ್ನೂ ನಡೆದಿದೆ. ನಾವು ಪಕ್ಕದ ಕೋಣೆಯ ಹುಡುಗನನ್ನು ಒಂದೇ ಸಲ ನೋಡಿ ಚೀಟಿ ಬರೆದುಬಿಡುತ್ತೇವೆ. ಊರು ಬಿಟ್ಟು ಪುಣೆ, ಮುಂಬಯಿ ಅಂತ ಬಂದ ನಮ್ಮಂಥವರ ಮೇಲೆ ಇಂಥ ಚೀಟಿ ಬಹಳ ಅಂಟಿರುತ್ತವೆ. ನಾವೂ ಬೇರೆಯವರಿಗೆ ಅಂಟಿಸಿರುತ್ತೇವೆ. ಆ ಮುಂಗೋಪಿ ಯೋಧ ಭಾಲೆ ಇಳಿಸಿಯಾನು ಅಂತ ನಾನಾದರೂ ಎಲ್ಲಿ ತಿಳಿದಿದ್ದೆ?

ಈಗ ಹೊಸ ಮೃಗ ಬಂದಾಗೆಲ್ಲ ಭಾಗವತ ಚೀಟಿ ಕೊಡುವ ಬದಲು "ಇದರ ನಡತೆ ಏನು, ಬರೆದುಕೊಂಡು ಬಾ" ಅನ್ನುತ್ತಾನೆ. ಬರುವ ಶನಿವಾರ ಮೊಸಳೆ. ನಮ್ಮ ಸಂಘದಲ್ಲಿ ಕೃಷ್ಣೆಯ ದಂಡೆಯವರು ಯಾರಾದರೂ ಇದ್ದರೆ, ಮೊಸಳೆ ಕಂಡ ಅನುಭವವಿದ್ದರೆ, ದಯವಿಟ್ಟು ಶುಕ್ರವಾರದೊಳಗೆ ನನ್ನನ್ನು ಕಾಣಬೇಕಾಗಿ ವಿನಂತಿ. ಮೇಲೆ ಹೇಳಿದ ಚಹಾ ಅವರಿಗೂ ಉಂಟು.